ಕಪ್ಪು ಮಹಿಳೆಯರ ಪರಿಸರ ಹೋರಾಟ: ಲೂಸಿಯಾನಾದಿಂದ ನೈರೋಬಿವರೆಗೆ

2025ರ ಜನವರಿ 21ರಂದು, ಎರಡನೇ ಬಾರಿ ಅಧಿಕಾರ ವಹಿಸಿಕೊಂಡ ಮರುದಿನವೇ, ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಸಹಿ ಹಾಕಿದ ಒಂದು ಆದೇಶ, 1994ರಿಂದ ಜಾರಿಯಲ್ಲಿದ್ದ ಇನ್ನೊಂದು ಆದೇಶವನ್ನು ರದ್ದುಪಡಿಸಿತು. ಆ ದಿನಗಳಲ್ಲಿ ನಮ್ಮ ಪತ್ರಿಕೆಗಳ ತುಂಬ ವಲಸಿಗರು, ವೀಸಾ, ಸುಂಕ ಇವೇ ಸುದ್ದಿಯಾಗಿದ್ದವು. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿ ಇರುವುದರಿಂದ ಅದು ಸಹಜವೂ ಹೌದು. ಆದರೆ ರದ್ದಾದ ಹಳೆಯ ಆದೇಶದ ಬಗ್ಗೆ ಇಲ್ಲಿ ಹೆಚ್ಚು ಚರ್ಚೆ ಆಗಲಿಲ್ಲ. ಅದರ ಹಿಂದೆ ಕೆಲವು ಕಪ್ಪು ಮಹಿಳೆಯರ ಹದಿನೈದು ವರ್ಷಗಳ ದುಡಿಮೆ ಇತ್ತು ಎಂಬುದು ಗೊತ್ತಿರುವವರಂತೂ ಇನ್ನೂ ಕಡಿಮೆ.

ಬಿಲ್ ಕ್ಲಿಂಟನ್ ಅವರು 1994ರ ಫೆಬ್ರವರಿ 11ರಂದು ಸಹಿ ಹಾಕಿದ 12898 ಸಂಖ್ಯೆಯ ಆ ಆದೇಶದಲ್ಲಿ ಇದ್ದದ್ದು ಸರಳ ಮಾತು. ಸರಕಾರದ ಪ್ರತಿಯೊಂದು ಇಲಾಖೆಯೂ ತನ್ನ ತೀರ್ಮಾನಗಳಿಂದ ಆಗುವ ಹೊಗೆ, ಕೊಳೆ, ಕಾಯಿಲೆಯ ಹೊರೆ ಬಡವರ ಮತ್ತು ಅಲ್ಪಸಂಖ್ಯಾತ ಜನಾಂಗಗಳ ಕೇರಿಗಳ ಮೇಲೆ ಮಿತಿಮೀರಿ ಬೀಳುತ್ತಿದೆಯೇ ಎಂದು ನೋಡಬೇಕು. ಅಷ್ಟೇ. ಆದೇಶಕ್ಕೆ ಸಹಿ ಬೀಳುವಾಗ ಅಧ್ಯಕ್ಷರ ಪಕ್ಕದಲ್ಲಿ ನಿಂತಿದ್ದವರಲ್ಲಿ ಷಿಕಾಗೋದ ಹೇಜಲ್ ಜಾನ್ಸನ್ ಒಬ್ಬರು.

ಹೇಜಲ್ ಜಾನ್ಸನ್ ಹುಟ್ಟಿದ್ದು 1935ರಲ್ಲಿ ನ್ಯೂ ಓರ್ಲಿಯನ್ಸ್‌ನಲ್ಲಿ. 1962ರಲ್ಲಿ ಷಿಕಾಗೋದ ದಕ್ಷಿಣ ತುದಿಯ ಆಲ್ಟ್‌ಗೆಲ್ಡ್ ಗಾರ್ಡನ್ಸ್ ಎಂಬ ಸರಕಾರಿ ವಸತಿಗೆ ಬಂದರು. ಎರಡನೇ ಮಹಾಯುದ್ಧದಿಂದ ಮರಳಿದ ಕಪ್ಪು ಸೈನಿಕರ ಕುಟುಂಬಗಳಿಗಾಗಿ ಕಟ್ಟಿದ ವಸತಿ ಅದು. ಕಟ್ಟಿದ ಜಾಗ ಮಾತ್ರ ಹಿಂದೆ ಕೊಳಚೆ ಸುರಿಯುತ್ತಿದ್ದ ನೆಲ. ಸುತ್ತಲೂ ಕಸದ ಗುಡ್ಡಗಳು, ಉಕ್ಕಿನ ಕಾರ್ಖಾನೆಗಳು, ಚರಂಡಿ ನೀರಿನ ಘಟಕ. 1969ರಲ್ಲಿ ಅವರ ಗಂಡ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ನಗರದಲ್ಲಿ ಕ್ಯಾನ್ಸರ್ ಪ್ರಮಾಣ ಅತಿ ಹೆಚ್ಚು ಇರುವುದು ತಮ್ಮ ಭಾಗದಲ್ಲೇ ಎಂದು ಮುಂದೆ ಒಂದು ದಿನ ಟಿವಿಯಲ್ಲಿ ಕೇಳಿದಾಗ ಅವರು ಮನೆ ಮನೆಗೆ ಹೋಗಿ ಯಾರ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ಬರೆದುಕೊಳ್ಳತೊಡಗಿದರು. 1979ರಲ್ಲಿ ಸಂಘವೊಂದನ್ನು ಕಟ್ಟಿದರು. ತಮ್ಮ ಕೇರಿಯನ್ನು ಅವರು ವಿಷದ ಡೋನಟ್ ಎಂದು ಕರೆಯುತ್ತಿದ್ದರು. ಸುತ್ತಲೂ ವಿಷ, ನಡುವೆ ಜನ. 2011ರಲ್ಲಿ ಅವರು ತೀರಿಕೊಂಡರು.

ಇಲ್ಲೊಂದು ಮಾತು ನಮ್ಮ ಓದುಗರಿಗೆ ಕುತೂಹಲ ತರಬಹುದು. ಈಗಿನ ಜಗದ್ಗುರು 14ನೇ ಲಿಯೊ ಬೆಳೆದ ಡೋಲ್ಟನ್ ಎಂಬ ಊರು ಆಲ್ಟ್‌ಗೆಲ್ಡ್ ಗಾರ್ಡನ್ಸ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಅವರ ತಾಯಿಯ ಕಡೆಯ ಅಜ್ಜ ಅಜ್ಜಿ ನ್ಯೂ ಓರ್ಲಿಯನ್ಸ್‌ನ ಕ್ರಿಯೋಲ್ ಜನ, ಹಳೆಯ ದಾಖಲೆಗಳಲ್ಲಿ ಕಪ್ಪು ವರ್ಣದವರು ಎಂದು ಬರೆಸಿಕೊಂಡವರು ಎಂಬುದು 2025ರ ಮೇ ತಿಂಗಳಲ್ಲಿ ಅವರ ಆಯ್ಕೆಯಾದ ಮೇಲೆ ಬೆಳಕಿಗೆ ಬಂತು.

ಕಪ್ಪು ಸ್ತ್ರೀವಾದ ಎಂಬ ಮಾತು ಕೇಳಿದರೆ ನಮ್ಮಲ್ಲಿ ಕೆಲವರಿಗೆ ಮುಜುಗರ ಆಗಬಹುದು. ಸ್ತ್ರೀವಾದ ಎಂದರೇ ಕುಟುಂಬ ಒಡೆಯುವ ಸಂಗತಿ ಎಂದು ತಿಳಿದವರು ಇದ್ದಾರೆ. ಈ ಹೆಸರಿನಲ್ಲಿ ಬರೆದವರ ಎಲ್ಲ ನಿಲುವುಗಳನ್ನೂ ಧರ್ಮಸಭೆ ಒಪ್ಪುವುದಿಲ್ಲ, ಒಪ್ಪಬೇಕೆಂದು ನಾವೂ ಹೇಳುತ್ತಿಲ್ಲ. ಆದರೆ ಅವರು ಎತ್ತಿದ ಮೂಲ ಪ್ರಶ್ನೆ ಏನು ಎಂದು ತಿಳಿಯದೆ ಬದಿಗೆ ಸರಿಸುವುದು ಸರಿಯಲ್ಲ. ಅದನ್ನು ಒಂದು ಕೋರ್ಟು ಕೇಸಿನ ಮೂಲಕ ಹೇಳುವುದು ಸುಲಭ.

1970ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಮೇಲೆ ಐವರು ಕಪ್ಪು ಮಹಿಳೆಯರು ದಾವೆ ಹೂಡಿದರು. 1964ಕ್ಕಿಂತ ಮೊದಲು ಕಂಪನಿ ಕಪ್ಪು ಮಹಿಳೆಯರನ್ನು ಕೆಲಸಕ್ಕೆ ತೆಗೆದುಕೊಂಡಿರಲೇ ಇಲ್ಲ. ಮುಂದೆ ಆರ್ಥಿಕ ಮುಗ್ಗಟ್ಟು ಬಂದು, ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು ಎಂಬ ನಿಯಮ ಜಾರಿಯಾದಾಗ, ಕೆಲಸ ಕಳೆದುಕೊಂಡವರಲ್ಲಿ ಇವರೇ ಎದ್ದು ಕಂಡರು. 1976ರಲ್ಲಿ ನ್ಯಾಯಾಲಯ ಏನು ಹೇಳಿತು? ಕಂಪನಿ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡಿದೆ, ಆದ್ದರಿಂದ ಹೆಂಗಸರಿಗೆ ಅನ್ಯಾಯವಾಗಿಲ್ಲ. ಕಪ್ಪು ಜನರನ್ನೂ ಇಟ್ಟುಕೊಂಡಿದೆ, ಆದ್ದರಿಂದ ಜನಾಂಗದ ಅನ್ಯಾಯವೂ ಇಲ್ಲ. ಆ ಹೆಂಗಸರು ಬಿಳಿಯರು, ಆ ಕಪ್ಪು ಜನ ಗಂಡಸರು ಎಂಬುದು ತೀರ್ಪಿಗೆ ಮುಖ್ಯವಾಗಲಿಲ್ಲ. ಎರಡು ಹೊರೆ ಒಟ್ಟಿಗೆ ಹೊತ್ತವಳು ಯಾವ ಲೆಕ್ಕಕ್ಕೂ ಬರಲಿಲ್ಲ. 1989ರಲ್ಲಿ ಕಿಂಬರ್ಲಿ ಕ್ರೆನ್‌ಷಾ ಎಂಬ ಕಾನೂನು ಪ್ರಾಧ್ಯಾಪಕಿ ಈ ಕೇಸನ್ನು ಹಿಡಿದುಕೊಂಡೇ ಇಂಟರ್‌ಸೆಕ್ಷನಾಲಿಟಿ ಎಂಬ ಹೆಸರನ್ನು ಚಾಲ್ತಿಗೆ ತಂದರು. ಹೆಸರು ಕಠಿಣ, ಆದರೆ ಸಂಗತಿ ನಮಗೆ ಅಪರಿಚಿತವಲ್ಲ. ನಮ್ಮ ದೇಶದಲ್ಲಿ ದಲಿತ ಕ್ರೈಸ್ತ ಮಹಿಳೆಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೂ ಮೊದಲು, 1977ರಲ್ಲಿ, ಬಾಸ್ಟನ್‌ನ ಕೆಲವು ಕಪ್ಪು ಮಹಿಳೆಯರ ಗುಂಪು ಒಂದು ಹೇಳಿಕೆ ಹೊರಡಿಸಿತ್ತು. 1863ರಲ್ಲಿ ಹ್ಯಾರಿಯೆಟ್ ಟಬ್‌ಮನ್ ಮುಂದೆ ನಿಂತು 750ಕ್ಕೂ ಹೆಚ್ಚು ಗುಲಾಮರನ್ನು ಬಿಡಿಸಿದ ಕಂಬಾಹಿ ನದಿಯ ಹೆಸರನ್ನೇ ಆ ಗುಂಪು ಇಟ್ಟುಕೊಂಡಿತ್ತು. ಅವರ ವಾದದ ತಿರುಳು ಇಷ್ಟು: ಎಲ್ಲ ಹೊರೆಗಳೂ ಬಂದು ನಿಲ್ಲುವುದು ಕಪ್ಪು ಮಹಿಳೆಯ ತಲೆಯ ಮೇಲೆ, ಅವಳಿಗೆ ಬಿಡುಗಡೆ ಸಿಗಬೇಕಾದರೆ ಎಲ್ಲ ಹೊರೆಗಳೂ ಇಳಿಯಬೇಕು, ಆಗ ಉಳಿದವರಿಗೂ ತಾನಾಗಿ ಬಿಡುಗಡೆ. ಇದನ್ನು ಪರಿಸರಕ್ಕೆ ಅನ್ವಯಿಸಿ ನೋಡಿ. ಕಾರ್ಖಾನೆಯನ್ನು ಎಲ್ಲಿ ಕಟ್ಟಬೇಕು, ಕಸವನ್ನು ಎಲ್ಲಿ ಸುರಿಯಬೇಕು ಎಂಬ ತೀರ್ಮಾನ ಆಗುವಾಗ ಬಾಯಿಲ್ಲದವರ ಊರು ಮೊದಲು ನೆನಪಾಗುತ್ತದೆ. 1982ರಲ್ಲಿ ಉತ್ತರ ಕೆರೊಲಿನಾದ ವಾರನ್ ಕೌಂಟಿಯಲ್ಲಿ ವಿಷಯುಕ್ತ ಮಣ್ಣು ತುಂಬಿದ ಲಾರಿಗಳಿಗೆ ಅಡ್ಡವಾಗಿ ಹೆಂಗಸರೂ ಮಕ್ಕಳೂ ರಸ್ತೆಯಲ್ಲಿ ಮಲಗಿದರು. 500ಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಐದು ವರ್ಷಗಳ ನಂತರ ಅಲ್ಲಿನ ಒಂದು ಪ್ರೊಟೆಸ್ಟೆಂಟ್ ಸಭೆ, ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್, ದೇಶದಾದ್ಯಂತ ಲೆಕ್ಕ ಹಾಕಿ ವರದಿ ಪ್ರಕಟಿಸಿತು. ವಿಷತ್ಯಾಜ್ಯದ ಘಟಕ ಎಲ್ಲಿದೆ ಎಂಬುದನ್ನು ಊಹಿಸಲು ಬಡತನಕ್ಕಿಂತಲೂ ಆ ಊರಿನವರ ಜನಾಂಗವೇ ಹೆಚ್ಚು ಸರಿಯಾದ ಗುರುತು ಎಂದು ಆ ವರದಿ ಕಂಡುಕೊಂಡಿತು. ಈ ಕೆಲಸವನ್ನು ಮೊದಲು ಮಾಡಿದ್ದು ನಾವಲ್ಲ ಎಂಬುದನ್ನು ಕಥೊಲಿಕರಾದ ನಾವು ಒಪ್ಪಿಕೊಳ್ಳಬೇಕು.

ಈಗ ಲೂಸಿಯಾನಾಕ್ಕೆ ಬರೋಣ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಜಿಲ್ಲೆಯಂಥ ಆಡಳಿತ ಘಟಕವನ್ನು ಕೌಂಟಿ ಎನ್ನುತ್ತಾರೆ. ಲೂಸಿಯಾನಾದಲ್ಲಿ ಮಾತ್ರ ಅದು ಪ್ಯಾರಿಷ್. ಫ್ರೆಂಚರ, ಸ್ಪೇನಿನವರ ಕಾಲದಲ್ಲಿ ಧರ್ಮಕೇಂದ್ರಗಳ ಗಡಿಯೇ ಆಡಳಿತದ ಗಡಿಯಾಗಿದ್ದ ಗುರುತು ಅದು. ಸಂತ ಯಾಕೋಬರ ಪ್ಯಾರಿಷ್, ಸ್ನಾನಿಕ ಯೊವಾನ್ನರ ಪ್ಯಾರಿಷ್, ಸ್ವರ್ಗಾರೋಹಣದ ಪ್ಯಾರಿಷ್ ಎಂಬ ಹೆಸರುಗಳನ್ನು ನಕ್ಷೆಯಲ್ಲಿ ನೋಡಿದರೆ ನಮ್ಮದೇ ಧರ್ಮಪ್ರಾಂತ್ಯದ ಡೈರೆಕ್ಟರಿ ತೆರೆದಂತೆ ಕಾಣುತ್ತದೆ. ಬ್ಯಾಟನ್ ರೂಜ್‌ನಿಂದ ನ್ಯೂ ಓರ್ಲಿಯನ್ಸ್‌ವರೆಗೆ ಮಿಸಿಸಿಪ್ಪಿ ನದಿಯ ದಡದಲ್ಲಿ ಸುಮಾರು 137 ಕಿ.ಮೀ. ಉದ್ದಕ್ಕೆ ಈ ಪ್ಯಾರಿಷ್‌ಗಳು ಹಬ್ಬಿವೆ. ಅಲ್ಲಿ ಸುಮಾರು 150 ಪೆಟ್ರೋಕೆಮಿಕಲ್ ಕಾರ್ಖಾನೆಗಳೂ ತೈಲ ಶುದ್ಧೀಕರಣ ಘಟಕಗಳೂ ಇವೆ. ಜನ ಅದನ್ನು ಕ್ಯಾನ್ಸರ್ ಆಲಿ, ಅಂದರೆ ಕ್ಯಾನ್ಸರ್ ಓಣಿ ಎಂದು ಕರೆಯುತ್ತಾರೆ.

ಕಾರ್ಖಾನೆಗಳು ಅಲ್ಲೇ ಏಕೆ ಬಂದವು? ನದಿ ಇದೆ, ಹಡಗು ಬರುತ್ತದೆ, ತೈಲ ಮತ್ತು ಅನಿಲ ಹತ್ತಿರದಲ್ಲೇ ಸಿಗುತ್ತದೆ ಎಂಬ ಕಾರಣಗಳು ನಿಜ. ಆದರೆ ಇನ್ನೊಂದು ಕಾರಣವೂ ಇದೆ. ನದಿ ದಡದ ಉದ್ದಕ್ಕೂ ಗುಲಾಮರ ದುಡಿಮೆಯ ಮೇಲೆ ನಡೆಯುತ್ತಿದ್ದ ಕಬ್ಬಿನ ತೋಟಗಳಿದ್ದವು. ಗುಲಾಮಗಿರಿ ಮುಗಿದ ಮೇಲೆ ಬಿಡುಗಡೆಯಾದವರು ತೋಟಗಳ ಅಂಚಿನಲ್ಲೇ ಸಣ್ಣ ಸಣ್ಣ ತುಂಡು ಭೂಮಿ ಪಡೆದು ಊರು ಕಟ್ಟಿಕೊಂಡರು. ತೋಟಗಳು ಮಾತ್ರ ಒಂದೊಂದೂ ಸಾವಿರಾರು ಎಕರೆಯ ಒಂದೇ ಖಾತೆಯ ಜಮೀನಾಗಿ ಉಳಿದವು. 20ನೇ ಶತಮಾನದಲ್ಲಿ ಕಂಪನಿಗಳು ಬಂದಾಗ ಒಬ್ಬ ಮಾಲೀಕನಿಂದ ಒಂದೇ ಸಲಕ್ಕೆ ಇಡೀ ತೋಟ ಕೊಳ್ಳುವುದು ಸುಲಭವಾಯಿತು. ಪಕ್ಕದಲ್ಲಿ ವಾಸಿಸುತ್ತಿದ್ದವರು ಆ ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು.

ಈ ಚರಿತ್ರೆಯಲ್ಲಿ ನಮ್ಮ ಧರ್ಮಸಭೆಯ ಪಾಲೂ ಇದೆ. 1838ರಲ್ಲಿ ಮೇರಿಲ್ಯಾಂಡಿನ ಜೆಸ್ವಿತ್ ಸಂಸ್ಥೆ ತನ್ನ ಸಾಲ ತೀರಿಸಲು, ಜಾರ್ಜ್‌ಟೌನ್ ಕಾಲೇಜನ್ನು ಉಳಿಸಿಕೊಳ್ಳಲು, 272 ಮಂದಿ ಗುಲಾಮರನ್ನು ಲೂಸಿಯಾನಾದ ತೋಟಗಳಿಗೆ ಮಾರಿತು. ಅವರಲ್ಲಿ ಹಲವರು ಬಂದು ಬಿದ್ದದ್ದು ಇದೇ ನದಿ ದಡದ ಸ್ವರ್ಗಾರೋಹಣ ಮತ್ತು ಐಬರ್ವಿಲ್ ಪ್ಯಾರಿಷ್‌ಗಳಲ್ಲಿ. 2021ರಲ್ಲಿ ಅಮೆರಿಕದ ಜೆಸ್ವಿತರು ಅವರ ಸಂತತಿಯವರಿಗಾಗಿ 10 ಕೋಟಿ ಡಾಲರ್ ಸಂಗ್ರಹಿಸುವುದಾಗಿ ಮಾತು ಕೊಟ್ಟರು. ಲೂಸಿಯಾನಾದ ಹಳ್ಳಿಗಳಲ್ಲಿ ಇಷ್ಟೊಂದು ಕಪ್ಪು ಕಥೊಲಿಕರು ಇರುವುದಕ್ಕೆ ಕಾರಣ ಇಂಥ ಮಾಲೀಕರೂ ಹೌದು.

ಶರೋನ್ ಲವೀನ್ ಅಂಥ ಒಬ್ಬ ಕಥೊಲಿಕ್ ಮಹಿಳೆ. ಸಂತ ಯಾಕೋಬರ ಪ್ಯಾರಿಷ್‌ನಲ್ಲಿ ವಿಶೇಷ ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಾಲಾ ಶಿಕ್ಷಕಿ. 2018ರ ಏಪ್ರಿಲ್‌ನಲ್ಲಿ ಅವರ ಊರಿಗೆ ತೈವಾನಿನ ಫೋರ್ಮೋಸಾ ಪ್ಲಾಸ್ಟಿಕ್ಸ್ ಕಂಪನಿ 940 ಕೋಟಿ ಡಾಲರ್‌ಗಳ ಸಂಕೀರ್ಣ ಕಟ್ಟುವುದಾಗಿ ಘೋಷಣೆಯಾಯಿತು. 2,400 ಎಕರೆ ಜಾಗ, 14 ಘಟಕಗಳು, ವರ್ಷಕ್ಕೆ 800 ಟನ್‌ವರೆಗೆ ವಿಷಕಾರಿ ಹೊರಸೂಸುವಿಕೆಗೆ ಅವಕಾಶ. ಪ್ರಾಥಮಿಕ ಶಾಲೆಯೊಂದು ಸುಮಾರು ಒಂದೂವರೆ ಕಿ.ಮೀ. ದೂರದಲ್ಲಿ. ಯೋಜನೆಯನ್ನು ಸ್ವಾಗತಿಸಿದ ಆಗಿನ ರಾಜ್ಯಪಾಲ ಜಾನ್ ಬೆಲ್ ಎಡ್ವರ್ಡ್ಸ್ ಅವರೂ ಕಥೊಲಿಕರೇ. 1,200 ಖಾಯಂ ಉದ್ಯೋಗ ಬರುತ್ತದೆ ಎಂಬುದು ಅವರ ಮತ್ತು ಕಂಪನಿಯ ವಾದ. ಉದ್ಯೋಗದ ಆಸೆಯನ್ನು ಹಗುರವಾಗಿ ಕಾಣಬಾರದು, ಬಡ ಊರಿಗೆ ಅದು ದೊಡ್ಡ ಮಾತು. ಆದರೆ ಹಿಂದೆ ಬಂದ ಕಾರ್ಖಾನೆಗಳಲ್ಲಿ ತಮ್ಮ ಊರಿನ ಎಷ್ಟು ಮಂದಿಗೆ ಒಳ್ಳೆಯ ಕೆಲಸ ಸಿಕ್ಕಿದೆ ಎಂದು ಅಲ್ಲಿನ ಜನ ಕೇಳುತ್ತಾ ಬಂದಿದ್ದಾರೆ. ಕರಾವಳಿಯಲ್ಲಿ ಜಮೀನು ಬಿಟ್ಟುಕೊಟ್ಟ ಮನೆಗಳವರೂ ಕೇಳಿದ ಪ್ರಶ್ನೆ ಇದು.

ಮನೆ ಮಾರಿ ಹೋಗಬೇಕೇ ಎಂದು ಜಗಲಿಯಲ್ಲಿ ಕುಳಿತು ದೇವರನ್ನು ಕೇಳಿದೆ, ಬೇಡ ಎಂಬ ಉತ್ತರ ಬಂತು, ಮತ್ತೇನು ಮಾಡಲಿ ಎಂದು ಕೇಳಿದ್ದಕ್ಕೆ ಹೋರಾಡು ಎಂಬ ಉತ್ತರ ಬಂತು ಎಂದು ಲವೀನ್ ಹಲವು ಕಡೆ ಹೇಳಿಕೊಂಡಿದ್ದಾರೆ. 2018ರ ಅಕ್ಟೋಬರ್‌ನಲ್ಲಿ ಅವರ ಮನೆಯಲ್ಲೇ ಹತ್ತು ಜನ ಸೇರಿದರು. ರೈಸ್ ಸೇಂಟ್ ಜೇಮ್ಸ್ ಎಂಬ ಸಂಘ ಹುಟ್ಟಿದ್ದು ಹೀಗೆ. ಊರಿನ ದೊಡ್ಡವರು, ಕೆಲವು ನೆಂಟರು ಕೂಡ, ಇದು ಆಗಿಹೋದ ತೀರ್ಮಾನ, ಸುಮ್ಮನೆ ಹೋರಾಡಿ ಫಲವಿಲ್ಲ ಎಂದರು. 2019ರಲ್ಲಿ ವಾನ್‌ಹುವಾ ಎಂಬ ಇನ್ನೊಂದು ಕಂಪನಿ ಅದೇ ಪ್ಯಾರಿಷ್‌ನ 125 ಕೋಟಿ ಡಾಲರ್‌ಗಳ ಯೋಜನೆಯಿಂದ ಹಿಂದೆ ಸರಿದಾಗ ಜನರಿಗೆ ಧೈರ್ಯ ಬಂತು.

ಅಷ್ಟರಲ್ಲಿ ಒಂದು ಹೊಸ ಸಂಗತಿ ಹೊರಬಿತ್ತು. ಫೋರ್ಮೋಸಾ ಕೊಂಡ ಜಾಗದಲ್ಲಿ ಹಿಂದೆ ಬ್ಯೂನ ವಿಸ್ತ ಎಂಬ ಕಬ್ಬಿನ ತೋಟವಿತ್ತು. ಅಲ್ಲಿ ಗುಲಾಮರನ್ನು ಹೂತ ಸಮಾಧಿಗಳಿದ್ದವು. 2020ರ ಜೂನ್ 19, ಗುಲಾಮಗಿರಿ ಕೊನೆಗೊಂಡ ನೆನಪಿನ ದಿನ. ಆ ದಿನ ಅಲ್ಲಿ ಹೋಗಿ ಪ್ರಾರ್ಥಿಸಲು ಕಂಪನಿ ಒಪ್ಪಲಿಲ್ಲ. ಇವರು ನ್ಯಾಯಾಲಯಕ್ಕೆ ಹೋಗಿ ಅನುಮತಿ ತಂದರು. ನವೆಂಬರ್ 2ರಂದು ಹೂವು, ಮೇಣದಬತ್ತಿ ಹಿಡಿದು ಸಮಾಧಿ ಮಾಸಕ್ಕೆ ಹೋಗುವ ನಮಗೆ ಇದರ ತೂಕ ಗೊತ್ತಾಗಬೇಕು. ಹೆಸರಿಲ್ಲದ, ಶಿಲುಬೆಯಿಲ್ಲದ ಗುಂಡಿಗಳ ಬಳಿ ನಿಂತು ಒಂದು ಪ್ರಾರ್ಥನೆ ಹೇಳಲು ಕೋರ್ಟಿನ ಆದೇಶ ಬೇಕಾಯಿತು.

ಲವೀನ್ ಅವರಿಗೆ 2021ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. 2022ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾನಿಲಯ, 1883ರಿಂದ ಅಮೆರಿಕದ ಕಥೊಲಿಕರಿಗೆ ನೀಡುತ್ತಿರುವ ಲಾಯೆತಾರೆ ಪದಕವನ್ನು ಅವರಿಗೆ ನೀಡಿತು. ಆದರೂ ಪ್ರಶಸ್ತಿಯಿಂದ ಕಾರ್ಖಾನೆ ನಿಲ್ಲುವುದಿಲ್ಲ. ಕೇಸುಗಳ ವಿಷಯಕ್ಕೆ ಕೊನೆಯಲ್ಲಿ ಬರುತ್ತೇವೆ.

ಆಫ್ರಿಕಾದ ಕಡೆ ನೋಡಿದರೆ ವಂಗಾರಿ ಮಾಥಾಯ್ ಅವರ ಹೆಸರು ನಮ್ಮಲ್ಲೂ ಪರಿಚಿತ. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ ಮಹಿಳೆ. ಭಾರತ ಸರಕಾರದ ಜವಾಹರಲಾಲ್ ನೆಹರೂ ಪ್ರಶಸ್ತಿಯೂ ಇಂದಿರಾ ಗಾಂಧಿ ಪ್ರಶಸ್ತಿಯೂ ಅವರಿಗೆ ಸಂದಿವೆ. ಅವರನ್ನು ಓದಿಸಿದ್ದು ಧರ್ಮಭಗಿನಿಯರು ಎಂಬುದು ಅಷ್ಟು ಗೊತ್ತಿಲ್ಲ. ಕೀನ್ಯಾದ ನ್ಯೇರಿಯಲ್ಲಿ ಇಟಲಿಯ ಕೊನ್ಸೊಲಾತಾ ಭಗಿನಿಯರ ಶಾಲೆ, ಆಮೇಲೆ ಲಿಮುರುವಿನಲ್ಲಿ ಲೊರೆಟೊ ಭಗಿನಿಯರ ಹೈಸ್ಕೂಲು, 1960ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಕಾನ್ಸಸ್‌ನಲ್ಲಿ ಬೆನೆಡಿಕ್ಟಿನ್ ಭಗಿನಿಯರ ಕಾಲೇಜು. 1971ರಲ್ಲಿ ನೈರೋಬಿಯಲ್ಲಿ ಪಿಎಚ್.ಡಿ. ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲಿ ಆ ಪದವಿ ಪಡೆದ ಮೊದಲ ಹೆಣ್ಣು.

1970ರ ದಶಕದಲ್ಲಿ ಹಳ್ಳಿಯ ಹೆಂಗಸರನ್ನು ನಿಮ್ಮ ಕಷ್ಟ ಏನು ಎಂದು ಕೇಳಿದಾಗ ಅವರು ಹೇಳಿದ್ದು ಮೂರು ಮಾತು: ಸೌದೆ ಇಲ್ಲ, ಕುಡಿಯುವ ನೀರು ದೂರ ಹೋಗಿದೆ, ಮಕ್ಕಳಿಗೆ ಪುಷ್ಟಿಯಾದ ಊಟ ಇಲ್ಲ. ವಂಗಾರಿಗೆ ಮೂರರ ಬುಡವೂ ಒಂದೇ ಎಂದು ಕಂಡಿತು. ಬೆಟ್ಟದ ಕಾಡು ಕಡಿದು ಚಹಾ, ಕಾಫಿ ಹಾಕಿದ್ದಾರೆ. ಅವರ ಮನೆಯ ಹತ್ತಿರ ಒಂದು ದೊಡ್ಡ ಅತ್ತಿ ಜಾತಿಯ ಮರವಿತ್ತು, ಕಿಕುಯು ಜನ ಪವಿತ್ರ ಎಂದು ಮುಟ್ಟದಿದ್ದ ಮರ. ಅದರ ಕೆಳಗಿನ ಝರಿಯಲ್ಲಿ ಅವರು ಚಿಕ್ಕವರಿದ್ದಾಗ ಕಪ್ಪೆಯ ಮೊಟ್ಟೆಗಳೊಡನೆ ಆಡುತ್ತಿದ್ದರು. ಓದು ಮುಗಿಸಿ ಬಂದು ನೋಡುವಾಗ ಹೊಸ ಮಾಲೀಕ ಚಹಾ ಹಾಕಲು ಮರ ಕಡಿದಿದ್ದ, ಝರಿ ಬತ್ತಿತ್ತು. ಪವಿತ್ರ ಮರ ಎಂಬುದು ಮೂಢನಂಬಿಕೆ ಎಂದು ಕಲಿಸಿದ್ದರಲ್ಲಿ ಮಿಷನರಿಗಳ ಪಾಲೂ ಇದೆ ಎಂದು ಅವರು ನೇರವಾಗಿ ಹೇಳಿದ್ದಾರೆ. ಓದಿಸಿದವರ ಋಣವನ್ನೂ ಮರೆಯಲಿಲ್ಲ, ಈ ಮಾತನ್ನೂ ಬಿಡಲಿಲ್ಲ.

1977ರಲ್ಲಿ ಗ್ರೀನ್ ಬೆಲ್ಟ್ ಚಳವಳಿ ಆರಂಭವಾಯಿತು. ಹೆಂಗಸರು ಸಸಿ ಬೆಳೆಸಬೇಕು, ನೆಡಬೇಕು, ಬದುಕಿ ಉಳಿದ ಪ್ರತಿ ಸಸಿಗೆ ಕೆಲವು ಸೆಂಟ್ ಹಣ. ಓದು ಬರೆಹ ಇಲ್ಲದ ಹೆಂಗಸರು ಗಿಡ ನೆಡುವುದೆಂದರೇನು ಎಂದು ಅರಣ್ಯ ಇಲಾಖೆಯವರು ನಕ್ಕರು. ಜೋಳ, ಅವರೆ ಬಿತ್ತಿ ಬೆಳೆಯುವವರಿಗೆ ಮರದ ಬೀಜ ಬಿತ್ತಲು ಡಿಪ್ಲೊಮಾ ಬೇಕೇ ಎಂಬುದು ವಂಗಾರಿಯ ಪ್ರಶ್ನೆ. ನೊಬೆಲ್ ಬರುವ ಹೊತ್ತಿಗೆ 3 ಕೋಟಿ ಮರಗಳಾಗಿದ್ದವು. ಮುಂದೆ ಈ ಸಂಖ್ಯೆ 5 ಕೋಟಿ ದಾಟಿತು.

ಮರ ನೆಡುವವರನ್ನು ಸರಕಾರ ಹೊಡೆಯುವುದೇಕೆ ಎಂಬುದು ಇಲ್ಲಿ ಮುಖ್ಯ. 1989ರಲ್ಲಿ ಅಧ್ಯಕ್ಷ ಡೇನಿಯಲ್ ಅರಪ್ ಮೊಯ್ ಅವರ ಪಕ್ಷ ನೈರೋಬಿಯ ಉಹುರು ಪಾರ್ಕಿನಲ್ಲಿ 60 ಅಂತಸ್ತಿನ ಕಟ್ಟಡ ಕಟ್ಟಲು ಹೊರಟಿತು. ಹಣ ವಿದೇಶಿ ಸಾಲ. ಬಡ ದೇಶ ಸಾಲ ತಂದು ಜನರ ಪಾರ್ಕಿನಲ್ಲಿ ಗೋಪುರ ಏಕೆ ಕಟ್ಟಬೇಕು ಎಂದು ವಂಗಾರಿ ಪತ್ರ ಬರೆದರು. ಸಂಸತ್ತಿನಲ್ಲಿ ಅವರ ಚಳವಳಿಯನ್ನು ಗಂಡ ಬಿಟ್ಟವರ ಗುಂಪು ಎಂದು ಹೀಯಾಳಿಸಿದರು. ಆಫ್ರಿಕದ ಸಂಪ್ರದಾಯದ ಹೆಣ್ಣು ಗಂಡಸರಿಗೆ ಗೌರವ ಕೊಟ್ಟು ಸುಮ್ಮನಿರಬೇಕು ಎಂದು ಅಧ್ಯಕ್ಷರೇ ಬುದ್ಧಿ ಹೇಳಿದರು. ಕೊನೆಗೆ ಹಣ ಹೂಡುವವರು ಹಿಂದೆ ಸರಿದರು, ಕಟ್ಟಡ ಏಳಲಿಲ್ಲ. 1992ರಲ್ಲಿ ಅದೇ ಪಾರ್ಕಿನಲ್ಲಿ ರಾಜಕೀಯ ಕೈದಿಗಳ ತಾಯಂದಿರು ಉಪವಾಸ ಕೂತರು. ವಂಗಾರಿಯೂ ಕೂತರು. ಪೊಲೀಸರು ಹೊಡೆದ ಏಟಿಗೆ ಪ್ರಜ್ಞೆ ತಪ್ಪಿತು. ಅಲ್ಲಿಂದ ಓಡಿಸಿದ ಮೇಲೆ ಆ ತಾಯಂದಿರು ಪಕ್ಕದ ಆಂಗ್ಲಿಕನ್ ಕ್ಯಾಥೆಡ್ರಲ್‌ನ ನೆಲಮಾಳಿಗೆಯಲ್ಲಿ ಸುಮಾರು ಒಂದು ವರ್ಷ ಉಳಿದರು. 1993ರ ಆರಂಭದ ಹೊತ್ತಿಗೆ ಬಹುತೇಕ ಎಲ್ಲ ಮಕ್ಕಳೂ ಬಿಡುಗಡೆಯಾದರು. ಒಂದು ಇಗರ್ಜಿಯ ಬಾಗಿಲು ತೆರೆದಿದ್ದರಿಂದ ಆದ ಕೆಲಸ ಎಂದು ಇದನ್ನು ನೆನಪಿಡಬೇಕು.

ಸಾಲದ ಮಾತು ಬಂತು. ಬಡ ದೇಶಗಳ ಸಾಲ ಮನ್ನಾ ಮಾಡಬೇಕೆಂದು 2000ದ ಜ್ಯುಬಿಲಿ ವರ್ಷದಲ್ಲಿ ಧರ್ಮಸಭೆಯೂ ಸೇರಿ ನಡೆದ ದೊಡ್ಡ ಅಭಿಯಾನಕ್ಕೆ ಆಫ್ರಿಕಾದಲ್ಲಿ ಸಹ ಅಧ್ಯಕ್ಷೆಯಾಗಿದ್ದವರು ಇದೇ ವಂಗಾರಿ. ಶ್ರೀಮಂತ ದೇಶಗಳು ಬಡ ದೇಶಗಳಿಗೆ ಪರಿಸರದ ಸಾಲ ತೀರಿಸಬೇಕಾಗಿದೆ ಎಂದು ಪೋಪ್ ಫ್ರಾನ್ಸಿಸ್ 2015ರ ಲೌದಾತೊ ಸಿ ವಿಶ್ವಪತ್ರದಲ್ಲಿ ಬರೆದರು. 2025ರ ಜ್ಯುಬಿಲಿ ವರ್ಷದ ಕರೆಯಲ್ಲೂ ಅದನ್ನೇ ಎತ್ತಿದರು. ನಮ್ಮ ಧರ್ಮಕೇಂದ್ರಗಳಲ್ಲಿ ಜ್ಯುಬಿಲಿ ಎಂದರೆ ತೀರ್ಥಯಾತ್ರೆ, ಪವಿತ್ರ ದ್ವಾರ ಇವು ನೆನಪಿವೆ. ಸಾಲದ ಮಾತು ಎಲ್ಲೋ ಉಳಿದುಹೋಯಿತು.

ಆ ಮಾತನ್ನು ಲೋಕದ ವೇದಿಕೆಯಲ್ಲಿ ಬಿಡದೆ ಆಡಿದ್ದು ಬಾರ್ಬಡೋಸ್ ದ್ವೀಪದ ಮಿಯಾ ಮೋಟ್ಲಿ. 2018ರಲ್ಲಿ ಅಲ್ಲಿನ ಮೊದಲ ಮಹಿಳಾ ಪ್ರಧಾನಿಯಾದರು. ಮೂರು ಲಕ್ಷವೂ ಜನಸಂಖ್ಯೆ ಇಲ್ಲದ ದೇಶ. 2022ರಲ್ಲಿ ತಮ್ಮ ರಾಜಧಾನಿ ಬ್ರಿಜ್‌ಟೌನ್ ಹೆಸರಿನಲ್ಲಿ ಅವರು ಮುಂದಿಟ್ಟ ಯೋಜನೆಯ ಒಂದು ಅಂಶ ನಮ್ಮ ಮೀನುಗಾರರಿಗೂ ತಟ್ಟನೆ ಅರ್ಥವಾಗುವಂಥದ್ದು. ಚಂಡಮಾರುತ ಬಡಿದ ವರ್ಷ ಸಾಲದ ಕಂತನ್ನು ತಾನಾಗಿ ಮುಂದೂಡುವ ಷರತ್ತು ಸಾಲಪತ್ರದಲ್ಲೇ ಇರಬೇಕು. 2024ರ ಜುಲೈ ಮೊದಲ ದಿನ ಬೆರಿಲ್ ಚಂಡಮಾರುತ ಬ್ರಿಜ್‌ಟೌನ್‌ನಲ್ಲಿ ಕಟ್ಟಿದ್ದ ಮೀನುಗಾರಿಕೆ ದೋಣಿಗಳನ್ನು ಒಂದಕ್ಕೊಂದು ಅಪ್ಪಳಿಸಿ ಮುಳುಗಿಸಿತು. ನೆರೆಯ ಗ್ರೆನಡಾದ ಒಂದು ದ್ವೀಪವನ್ನಂತೂ ನೆಲಸಮ ಮಾಡಿತು. ಗ್ರೆನಡಾದ ಸಾಲಪತ್ರದಲ್ಲಿ ಆ ಷರತ್ತು ಇತ್ತು, ಅದರ ಪ್ರಕಾರ ಕಂತು ಮುಂದೆ ಹೋಯಿತು. ಹೊಗೆ ಬಿಟ್ಟವರು ಬೇರೆ, ಗಾಳಿ ಬಡಿದದ್ದು ಬೇರೆಯವರಿಗೆ ಎಂಬ ವಾದಕ್ಕೆ ಜಗತ್ತು ಕೊಟ್ಟ ಉತ್ತರ ಮಾತ್ರ ಚಿಕ್ಕದು. 2024ರ ಬಾಕು ಶೃಂಗಸಭೆಯಲ್ಲಿ ಬಡ ದೇಶಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದವು. ಒಪ್ಪಿಗೆಯಾದ ಮುಖ್ಯ ಗುರಿ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್. 2025ರಲ್ಲಿ ಅಮೆರಿಕ ಹವಾಮಾನ ನಷ್ಟ ಪರಿಹಾರ ನಿಧಿಯ ಮಂಡಳಿಯಿಂದಲೂ ಹೊರನಡೆಯಿತು.

ಕೊಲಂಬಿಯಾದ ಫ್ರಾನ್ಸಿಯಾ ಮಾರ್ಕೆಸ್ ಅವರ ಹೆಸರನ್ನೂ ಇಲ್ಲಿ ಹೇಳದಿರಲಾಗದು. ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದವರು. ಅವರ ಊರು ಲಾ ತೋಮಾದ ನದಿಯಲ್ಲಿ ಅಕ್ರಮ ಚಿನ್ನದ ಗಣಿಯವರು ಜೆಸಿಬಿಯಂಥ ಯಂತ್ರ ಇಳಿಸಿ ಪಾದರಸ, ಸಯನೈಡ್ ಸುರಿಯುತ್ತಿದ್ದಾಗ, 2014ರಲ್ಲಿ 80 ಹೆಂಗಸರನ್ನು ಕಟ್ಟಿಕೊಂಡು ಹತ್ತು ದಿನ ನಡೆದು ರಾಜಧಾನಿ ಬೊಗೊಟಾ ತಲುಪಿದರು, ಗೃಹ ಇಲಾಖೆಯ ಕಚೇರಿಯಲ್ಲಿ ಕೂತರು. 2016ರ ಕೊನೆಗೆ ಯಂತ್ರಗಳು ಊರು ಬಿಟ್ಟವು. 2019ರಲ್ಲಿ ಅವರ ಮೇಲೆ ಗುಂಡು, ಗ್ರೆನೇಡ್ ದಾಳಿ ಆಯಿತು. 2022ರ ಆಗಸ್ಟ್‌ನಲ್ಲಿ ದೇಶದ ಮೊದಲ ಕಪ್ಪು ಉಪಾಧ್ಯಕ್ಷೆಯಾಗಿ ಪ್ರಮಾಣವಚನ ತೆಗೆದುಕೊಂಡರು. ಅಧಿಕಾರ ಸಿಕ್ಕ ಮೇಲೆ ಎಲ್ಲವೂ ಸರಿಹೋಯಿತೇ ಎಂದರೆ ಇಲ್ಲ. ಅಧ್ಯಕ್ಷರೊಂದಿಗೆ ಬಿರುಕು ಬಂತು, 2025ರ ಆರಂಭದಲ್ಲಿ ಸಮಾನತೆಯ ಸಚಿವ ಸ್ಥಾನ ಕೈಬಿಟ್ಟಿತು. 2023ರಲ್ಲಿ ಜಗತ್ತಿನಲ್ಲಿ ಕೊಲೆಯಾದ 196 ಪರಿಸರ ಹೋರಾಟಗಾರರಲ್ಲಿ 79 ಮಂದಿ ಆ ಒಂದೇ ದೇಶದವರು ಎಂದು ಗ್ಲೋಬಲ್ ವಿಟ್ನೆಸ್ ಲೆಕ್ಕ ಹೇಳುತ್ತದೆ. ಆದರೂ 2024ರ ನವೆಂಬರ್‌ನಲ್ಲಿ ಕಾಲಿ ನಗರದ ವಿಶ್ವಸಂಸ್ಥೆ ಜೀವವೈವಿಧ್ಯ ಸಭೆ, ಕಾಡು ನದಿ ಉಳಿಸುವುದರಲ್ಲಿ ಆಫ್ರಿಕನ್ ಮೂಲದ ಜನರ ಪಾತ್ರವನ್ನು ಮೊದಲ ಬಾರಿ ಲಿಖಿತವಾಗಿ ಒಪ್ಪಿತು. ಅದಕ್ಕಾಗಿ ಪಟ್ಟು ಹಿಡಿದವರಲ್ಲಿ ಮಾರ್ಕೆಸ್ ಮುಂಚೂಣಿಯಲ್ಲಿದ್ದರು.

ಆಫ್ರಿಕನ್ ಮೂಲದ ಜನ ಎಂದಾಗ ನಮ್ಮ ಕಣ್ಣು ದೂರ ಹೋಗಬೇಕಾಗಿಲ್ಲ. ಕಾರವಾರ ಧರ್ಮಪ್ರಾಂತ್ಯದ ಹಳಿಯಾಳದ ಕಡೆ ಭಾನುವಾರದ ಬಲಿಪೂಜೆಗೆ ಬರುವವರಲ್ಲಿ ಸಿದ್ದಿ ಕುಟುಂಬಗಳಿವೆ. ಯಲ್ಲಾಪುರ, ಮುಂಡಗೋಡ, ಅಂಕೋಲದ ಕಾಡಂಚಿನಲ್ಲಿ ಹಿಂದೂ, ಮುಸ್ಲಿಂ ಸಿದ್ದಿಗಳೂ ಇದ್ದಾರೆ. ಪೋರ್ಚುಗೀಸರ ಮತ್ತು ಇತರರ ಕಾಲದಲ್ಲಿ ಗುಲಾಮರಾಗಿ ಬಂದವರ ಸಂತತಿ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ ಮಾತ್ರ. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನ ಜಮೀನಿನ ಹಕ್ಕುಪತ್ರದಲ್ಲಿ ಹೆಂಡತಿಯ ಹೆಸರನ್ನೂ ಗಂಡನ ಹೆಸರಿನ ಜೊತೆ ಬರೆಯಬೇಕು ಎನ್ನುತ್ತದೆ. ಹಳೆಯ ಸೀರೆಗಳಿಂದ ಸಿದ್ದಿ ಹೆಂಗಸರು ಹೊಲಿಯುವ ಕವುದಿಗಳನ್ನು ಮೆಚ್ಚಿ ಪ್ರದರ್ಶನ ಮಾಡುತ್ತೇವೆ. ಅರಣ್ಯ ಹಕ್ಕು ಸಮಿತಿಯ ಸಭೆಯಲ್ಲಿ ಅದೇ ಹೆಂಗಸರು ಮಾತಾಡುವಾಗ ಜೊತೆಗೆ ಕೂರುವವರು ನಮ್ಮಲ್ಲಿ ಎಷ್ಟು ಮಂದಿ? ಧರ್ಮಕೇಂದ್ರದ ಸ್ತ್ರೀ ಸಂಘಟನೆಗಳು, ಸಮಾಜ ಸೇವಾ ಸಂಸ್ಥೆಗಳು ಹಕ್ಕುಪತ್ರದ ಅರ್ಜಿ ಬರೆಸುವುದಕ್ಕೆ ಒಂದೆರಡು ಭಾನುವಾರ ಕೊಡಬಹುದು ಎಂದು ನಮಗೆ ಅನಿಸುತ್ತದೆ.

ಲೂಸಿಯಾನಾದ ಕೇಸುಗಳು ಎಲ್ಲಿಗೆ ಬಂದಿವೆ ಎಂಬುದನ್ನು ಹೇಳಿ ಮುಗಿಸುತ್ತೇವೆ. 2022ರ ಸೆಪ್ಟೆಂಬರ್‌ನಲ್ಲಿ ಒಬ್ಬ ನ್ಯಾಯಾಧೀಶೆ ಫೋರ್ಮೋಸಾದ ಹೊಗೆ ಪರವಾನಿಗೆಗಳನ್ನು ರದ್ದು ಮಾಡಿದರು. 2024ರ ಜನವರಿಯಲ್ಲಿ ಮೇಲಿನ ನ್ಯಾಯಾಲಯ ಅವನ್ನು ಮರಳಿ ಕೊಟ್ಟಿತು. ಜೌಗು ನೆಲದ ಪರವಾನಿಗೆಯನ್ನು ಸೇನೆಯ ಎಂಜಿನಿಯರಿಂಗ್ ವಿಭಾಗ 2020ರಲ್ಲಿ ಅಮಾನತಿನಲ್ಲಿಟ್ಟು, 2021ರಲ್ಲಿ ಪೂರ್ಣ ಪರಿಸರ ಅಧ್ಯಯನ ಆಗಬೇಕೆಂದಿತು. ನೆರೆಯ ಸ್ನಾನಿಕ ಯೊವಾನ್ನರ ಪ್ಯಾರಿಷ್‌ನಲ್ಲಿ ಡೆಂಕಾ ಎಂಬ ರಬ್ಬರ್ ಕಾರ್ಖಾನೆಯ ಮೇಲೆ ಸರಕಾರವೇ ಹೂಡಿದ್ದ ದಾವೆಯನ್ನು 2025ರ ಮಾರ್ಚ್‌ನಲ್ಲಿ ಸರಕಾರವೇ ಹಿಂದಕ್ಕೆ ಪಡೆಯಿತು. ಎರಡು ತಿಂಗಳಲ್ಲಿ ನಷ್ಟದ ಕಾರಣ ಹೇಳಿ ಕಂಪನಿ ತಾನೇ ಉತ್ಪಾದನೆ ನಿಲ್ಲಿಸಿತು.

ಇನ್ನೊಂದು ಕೇಸು ಹೆಚ್ಚು ಮುಖ್ಯ. ಲವೀನ್ ಅವರ ಸಂಘ, ಇನ್ನೊಂದು ಮಹಿಳಾ ನೇತೃತ್ವದ ಸಂಘ ಮತ್ತು ಒಂದು ಬ್ಯಾಪ್ಟಿಸ್ಟ್ ಸಭೆ ಸೇರಿ 2023ರ ಮಾರ್ಚ್‌ನಲ್ಲಿ ಪ್ಯಾರಿಷ್ ಆಡಳಿತದ ಮೇಲೆಯೇ ದಾವೆ ಹೂಡಿದವು. ಪ್ಯಾರಿಷ್‌ನ 24 ಕಾರ್ಖಾನೆಗಳಲ್ಲಿ 20, ಕಪ್ಪು ಜನ ಹೆಚ್ಚಿರುವ ಎರಡು ವಿಭಾಗಗಳಲ್ಲೇ ಇವೆ ಎಂಬುದು ದೂರು. 2014ರ ಭೂಬಳಕೆ ನಕ್ಷೆಯಲ್ಲಿ ಬಿಳಿಯರ ಭಾಗದ ಕಥೊಲಿಕ್ ಇಗರ್ಜಿಗಳ ಸುತ್ತ, ಪ್ರವಾಸಿಗರು ಬರುವ ಹಳೆಯ ತೋಟದ ಬಂಗಲೆಗಳ ಸುತ್ತ ಕಾರ್ಖಾನೆ ಬಾರದಂತೆ ಜಾಗ ಬಿಟ್ಟರು, ಕಪ್ಪು ಜನರ ಇಗರ್ಜಿಗಳ ಸುತ್ತ ಬಿಡಲಿಲ್ಲ ಎಂದೂ ದೂರಿದ್ದಾರೆ. ಇದೇ ಆಡಳಿತ 2022ರಲ್ಲಿ ಸೋಲಾರ್ ಘಟಕಗಳಿಗೆ ತಾತ್ಕಾಲಿಕ ತಡೆ ಹಾಕಿತ್ತು ಎಂಬುದನ್ನೂ ಸೇರಿಸಿದ್ದಾರೆ. ದೂರು ತಡವಾಗಿ ಬಂತು ಎಂದು ಕೆಳಗಿನ ನ್ಯಾಯಾಲಯ 2023ರ ನವೆಂಬರ್‌ನಲ್ಲಿ ತಳ್ಳಿಹಾಕಿತು. 2025ರ ಏಪ್ರಿಲ್‌ನಲ್ಲಿ ನ್ಯೂ ಓರ್ಲಿಯನ್ಸ್‌ನ ಮೇಲ್ಮನವಿ ನ್ಯಾಯಾಲಯ, ಇದು 2014ರ ಒಂದು ನಕ್ಷೆಯ ವಿಚಾರವಲ್ಲ, ಮುಂದುವರಿದುಕೊಂಡು ಬಂದಿರುವ ರೀತಿಯ ದೂರು ಎಂದು ಹೇಳಿ ಕೇಸಿಗೆ ಮರುಜೀವ ಕೊಟ್ಟಿತು; ಪೂರ್ವಜರ ಸಮಾಧಿಗಳಿಗೆ ಸಂಬಂಧಿಸಿದ ಧಾರ್ಮಿಕ ಹಕ್ಕಿನ ಭಾಗವನ್ನೂ ವಿಚಾರಣೆಗೆ ಉಳಿಸಿತು. 2018ರಲ್ಲಿ ಘೋಷಣೆಯಾದ ಆ 14 ಘಟಕಗಳಲ್ಲಿ ಒಂದೂ 2025 ಮುಗಿಯುವವರೆಗೆ ಎದ್ದಿರಲಿಲ್ಲ.